ಆದಂ ಕುಂಞಿಯ ಕೆಂಪು ಮೋರೆ

ಕಲ್ಲುಗುಂಡಿಯಲ್ಲಿ ಬೆಳಗು ದಿನಕ್ಕೆ ಎರಡು ಸಲ ಆಗುತ್ತಿತ್ತು. ಒಂದು, ಎಲ್ಲ ಊರುಗಳಿಗೂ ಆಗುವಂಥದ್ದು. ಸಂಪಾಜೆಯ ಗುಡ್ಡಗಳ ಹಿಂದಿನಿಂದ, ಸರಕಾರಿ ಕಚೇರಿಯ ಬಾಗಿಲು ತೆರೆದ ಹಾಗೆ, ತಡವಾಗಿ. ಇನ್ನೊಂದು, ಮಡಿಕೇರಿ ರಸ್ತೆಯ ಬದಿಯ ಚಾ ಅಂಗಡಿಯ ಹಲಗೆಗಳು ಒಂದೊಂದಾಗಿ ಸರಿದು, ಒಳಗಿನಿಂದ ಆದಂ ಕುಂಞಿಯ ಮೋರೆ ಹೊರಗೆ ಬಂದಾಗ. ಎರಡರಲ್ಲಿ ಯಾವುದು ಹೆಚ್ಚು ಕೆಂಪು ಎಂಬ ಬಗ್ಗೆ ಊರಲ್ಲಿ ಎರಡು ಪಕ್ಷಗಳಿದ್ದವು. ಸೂರ್ಯನ ಪಕ್ಷದಲ್ಲಿ ಜನ ಕಡಿಮೆ.

ಆ ಮೋರೆ ಬೆಳಿಗ್ಗೆ ಬೇಯಿಸಿದ ಏಡಿಯ ಬಣ್ಣದಲ್ಲಿರುತ್ತಿತ್ತು. ಮಧ್ಯಾಹ್ನವಾಗುವಾಗ ಹಣ್ಣಾದ ಪುನರ್ಪುಳಿಯ ಕಡುಗೆಂಪಿಗೆ ತಿರುಗುತ್ತಿತ್ತು. ಕಿವಿಯ ತುದಿಗಳು ಬೇರೆಯೇ ಎರಡು ಕೆಂಡಗಳು. ಕಣ್ಣಿನಲ್ಲಿ ಉಳಿದ ಮನುಷ್ಯರಿಗೆ ಬಿಳಿ ಇರುವ ಜಾಗದಲ್ಲಿ ಅವನಿಗೆ ಆಗಷ್ಟೇ ಎಲೆಯಡಿಕೆ ಉಗುಳಿದ ಹಾಗೆ ಇತ್ತು. ಒಮ್ಮೆ ಮಳೆಗಾಲದ ಮಂಜಿನಲ್ಲಿ ಘಟ್ಟ ಇಳಿದು ಬರುತ್ತಿದ್ದ ಬಸ್ಸಿನ ಡ್ರೈವರೊಬ್ಬ ಈ ಮೋರೆಯನ್ನು ಕಂಡು, ಎದುರಿಗೆ ನಿಂತ ಲಾರಿಯ ಹಿಂದಿನ ದೀಪವೆಂದು ಬಗೆದು ಬ್ರೇಕ್ ಒತ್ತಿದನಂತೆ. ಬಸ್ಸು ನಿಂತಿತು. ನಿಂತ ಮೇಲೆ ಎಲ್ಲರೂ ಇಳಿದು ಚಾ ಕುಡಿದರು. ಅಂದಿನಿಂದ ಆ ಬಸ್ಸಿಗೆ ಅಲ್ಲಿ ಸ್ಟಾಪ್ ಆಯಿತು. ಮಡಿಕೇರಿಯವರು ಈ ಕತೆಯನ್ನು ಒಪ್ಪುವುದಿಲ್ಲ. ಆದರೆ ಬಸ್ಸು ಅಲ್ಲಿ ನಿಲ್ಲುವುದನ್ನು ಅವರೂ ಒಪ್ಪುತ್ತಾರೆ.

ಊಟ ಮಾಡದೆ ಹಟ ಹಿಡಿದ ಮಕ್ಕಳಿಗೆ ತಾಯಂದಿರು ಹುಲಿ, ಭೂತ, ಪೊಲೀಸು ಎಲ್ಲ ಹೇಳಿ ಮುಗಿದ ಮೇಲೆ ಕೊನೆಗೆ ಆದಂ ಕುಂಞಿಯ ಹೆಸರು ಹೇಳುತ್ತಿದ್ದರು. ಅನ್ನ ತಕ್ಷಣ ಒಳಗೆ ಹೋಗುತ್ತಿತ್ತು. ಆದರೆ ಆ ಭಯಂಕರ ಮೋರೆಯ ಹಿಂದೆ ಇದ್ದ ಮನುಷ್ಯನೋ, ಅಂಗಡಿಯ ಹೊಸ್ತಿಲಲ್ಲಿ ಬೆಕ್ಕು ಮಲಗಿದ್ದರೆ ಅದನ್ನು ಎಬ್ಬಿಸಲು ಮನಸ್ಸಾಗದೆ ಹಿಂಬಾಗಿಲಿನಿಂದ ಸುತ್ತಿ ಬರುವವನು. ಜೋರಾಗಿ ಮಾತಾಡುವುದು ಒಂದೇ ಸಂದರ್ಭದಲ್ಲಿ. ಅಂಗಡಿಯ ಹಿಂದೆ, ತಟ್ಟಿಯ ಆಚೆ, ಒಲೆಯ ಮುಂದೆ ಕೂತಿದ್ದ ಹೆಂಡತಿ ಕುಂಞಿಪಾತುಮ್ಮನಿಗೆ ಕೇಳುವ ಹಾಗೆ “ಎರಡು ಚಾ!” ಎಂದು ಕೂಗುವಾಗ.

ಇಂಥ ಮೋರೆ ಬೇರೆ ಕಾಲದಲ್ಲಿ ಇದ್ದಿದ್ದರೆ ಆರೋಗ್ಯದ ಲಕ್ಷಣ ಎನ್ನಿಸಿಕೊಂಡು ಸುಖವಾಗಿ ಇರುತ್ತಿತ್ತು. ಆದರೆ ಆಗ ನಮ್ಮಲ್ಲಿ ಪಾನನಿರೋಧ. ಮದರಾಸಿನವರು ತಂದ ಕಾನೂನು, ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಮದುಮಗಳ ಹಿಂದೆ ಬಂದ ಅಜ್ಜಿಯ ಹಾಗೆ ನಮ್ಮ ಜತೆಗೇ ಬಂದಿತ್ತು. ಕುಡಿಯುವವರು ಇರಲಿಲ್ಲವೆಂದಲ್ಲ. ಧಾರಾಳವಾಗಿ ಇದ್ದರು. ಆದರೆ ಸಿಕ್ಕಿಬೀಳುವ ಹೆದರಿಕೆಯಿಂದ ಅವರ ಮುಖಗಳೆಲ್ಲ ಬಿಳಿಚಿ, ಬಹಳ ಸಭ್ಯವಾಗಿ ಕಾಣುತ್ತಿದ್ದವು. ಇಡೀ ಸುಳ್ಯ ಸೀಮೆಯಲ್ಲಿ ಕುಡುಕನ ಹಾಗೆ ಕಾಣುತ್ತಿದ್ದವನು ಒಬ್ಬನೇ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ, ಬೆಳಗಿನ ನಮಾಜಿಗೆ ಎಲ್ಲರಿಗಿಂತ ಮೊದಲು ಮಸೀದಿಯ ಮೆಟ್ಟಿಲು ಹತ್ತುವ ಆದಂ ಕುಂಞಿ ಬ್ಯಾರಿ.

ಅವನ ಬೆನ್ನು ಹತ್ತಿದ ವೀರನ ಹೆಸರು ಬೆಳ್ಯಪ್ಪ. ಪಾನನಿರೋಧದ ಪೊಲೀಸು. ಸುಳ್ಯದ ಕಡೆಯ ಗೌಡರ ಮನೆಯವನು, ಗಟ್ಟಿ ಆಳು. ಸರಕಾರ ಅವನಿಗೆ ಒಂದು ಲಾಠಿ ಕೊಟ್ಟಿತ್ತು. ಆದರೆ ಅವನ ನಿಜವಾದ ಆಯುಧ ಮೂಗು. ಮುಚ್ಚಿದ ಬಾಟಲಿಯನ್ನು ಹೊಳೆಯ ಆಚೆ ದಡದಲ್ಲಿ ಇಟ್ಟರೂ ಈಚೆ ದಡದಲ್ಲಿ ನಿಂತು ಅದರೊಳಗೆ ಇರುವುದು ಗೇರುಹಣ್ಣಿನದೋ ಬೆಲ್ಲದ್ದೋ ಎಂದು ಹೇಳಬಲ್ಲೆನೆಂದು ಅವನು ನಂಬಿದ್ದ. ಅಂಥ ಮೂಗು ವಾರಕ್ಕೊಮ್ಮೆ ಕಲ್ಲುಗುಂಡಿಗೆ ಬಂದು ಆದಂ ಕುಂಞಿಯ ಬಾಯಿಯ ಎದುರು ಸೋತು ಹೋಗುತ್ತಿತ್ತು.

“ಊದಿ ಬ್ಯಾರಿ.”

“ಹ್ಹಾ.”

“ಶುಂಠಿ.”

“ಚಾಕ್ಕೆ ಹಾಕಿದ್ದು.”

“ಏಲಕ್ಕಿಯೂ ಉಂಟು.”

“ಅದು ನೀವು ಬರ್ತೀರಿ ಅಂತ ಹಾಕಿದ್ದು.”

“ಇನ್ನೊಮ್ಮೆ ಊದಿ ನೋಡುವಾ.”

“ಚಾ ಬಿಸಿ ಉಂಟು ಬೆಳ್ಯಪ್ಪಣ್ಣ. ಮೊದಲು ನೀವು ಅದಕ್ಕೆ ಊದಿಕೊಳ್ಳಿ.”

ಬೆಳ್ಯಪ್ಪ ಚಾ ಕುಡಿದು, ಮೀಸೆ ಒರೆಸಿಕೊಂಡು, ಬೆಂಚಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ತನ್ನ ಸಿದ್ಧಾಂತ ಹೇಳುತ್ತಿದ್ದ. “ವಾಸನೆ ಇಲ್ಲದ ಸರಾಯಿ ಒಂದುಂಟು. ಅದನ್ನು ಕಂಡುಹಿಡಿದವ ಇವನೇ. ಇವನ ಭಟ್ಟಿ ಎಲ್ಲೋ ಹತ್ತಿರದಲ್ಲೇ ಉಂಟು. ಒಂದು ದಿನ ನನ್ನ ಕೈಗೆ ಸಿಕ್ಕುದು ಗ್ಯಾರಂಟಿ.” ಆ ಭಟ್ಟಿಯನ್ನು ಹುಡುಕಿಕೊಂಡು ಅವನು ಗುಡ್ಡ ಹತ್ತಿದ, ಹೊಳೆ ದಾಟಿದ, ಹುಲ್ಲಿನ ಬಣವೆಗಳನ್ನು ಲಾಠಿಯಿಂದ ಚುಚ್ಚಿದ. ಈ ಮಹಾಯಾತ್ರೆಯಲ್ಲಿ ಬೇರೆಯವರ ಭಟ್ಟಿಗಳು ಒಂದೆರಡು ಸಿಕ್ಕಿ, ಮೇಲಿನವರಿಂದ ಅವನಿಗೆ ಶಹಬ್ಬಾಸ್ ಕೂಡ ಬಂತು. ಆದಂ ಕುಂಞಿಯದ್ದು ಮಾತ್ರ ಸಿಗಲಿಲ್ಲ.

ಬಾಯಲ್ಲಿ ವಾಸನೆ ಇಲ್ಲದಿದ್ದರೇನು, ಉಳಿದ ಸಾಕ್ಷಿಗಳನ್ನೆಲ್ಲ ಆದಂ ಕುಂಞಿಯ ದೇಹ ತಾನಾಗಿ ಒದಗಿಸುತ್ತಿತ್ತು. ಅವನಿಗೆ ಸದಾ ತಲೆ ಭಾರ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಬಗ್ಗಿ ಎದ್ದರೆ ಕಣ್ಣು ಕತ್ತಲೆ ಬಂದು, ಹತ್ತಿರದ ಕಂಬ ಹಿಡಿದುಕೊಂಡು ಒಂದು ಗಳಿಗೆ ತೂಗಾಡಬೇಕು. ಒಲೆಯ ಹೊಗೆಯಿಂದ ಹೀಗಾಗುತ್ತದೆ ಎಂದು ಅವನು ತಿಳಿದಿದ್ದ. ಕಂಬಕ್ಕೆ ಆತುಕೊಂಡ ಕೆಂಪು ಕಣ್ಣಿನ ಮನುಷ್ಯನನ್ನು ಕಂಡವರು ಏನು ತಿಳಿದರೆಂದು ಹೇಳಬೇಕಾಗಿಲ್ಲ. ಜನರ ಮಾತಿಗೆ ಆದಂ ಕುಂಞಿ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಮೊದಲೇ ಕೆಟ್ಟಿತ್ತಲ್ಲ.

ಅವನ ಮಗಳು ಮುನೀರಾಳಿಗೆ ಮದುವೆಯ ಮಾತು ಬಂದಾಗ ಮಾತ್ರ ಈ ಮೋರೆ ನಗುವ ವಿಷಯವಾಗಿ ಉಳಿಯಲಿಲ್ಲ.

ಹುಡುಗ ಹಕೀಮ್, ಆಲಂಕಾರಿನವನು. ಸುಳ್ಯದ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಬ್ಬದ ಬಟ್ಟೆ ತೆಗೆಯಲು ಹೋದಾಗ ಅವನು ಮುನೀರಾಳಿಗೆ ಗಜಕ್ಕೆ ನಾಲ್ಕು ಬೆರಳು ಹೆಚ್ಚು ಅಳೆದು ಕೊಟ್ಟದ್ದನ್ನು ಕುಂಞಿಪಾತುಮ್ಮ ನೋಡಿದ್ದಳು. ಮನೆಗೆ ಬಂದು ಬಟ್ಟೆಯನ್ನು ತಾನೇ ಇನ್ನೊಮ್ಮೆ ಅಳೆದು, ತನ್ನ ತಮ್ಮ ಸಾಹುಲ್ ಹಮೀದ್‌ಗೆ ಹೇಳಿ ಕಳಿಸಿದಳು. ಸಾಹುಲ್ ಹಮೀದ್ ಮಾತು ಕುದುರಿಸುವುದರಲ್ಲಿ ಗಟ್ಟಿಗ. ಹುಡುಗ ಒಪ್ಪಿಯೇ ಇದ್ದ. ಹುಡುಗಿಯೋ, ಆ ಬಟ್ಟೆಯನ್ನು ಹೊಲಿಯಲು ಕೊಡದೆ ಮಡಿಸಿ ಇಟ್ಟುಕೊಂಡಿದ್ದಳು. ಉಳಿದದ್ದು ಹುಡುಗನ ತಂದೆ ಪೋಕರ್ ಹಾಜಿಯವರು ಬಂದು ಮನೆ ನೋಡುವುದೊಂದೇ.

ಹಾಜಿಯವರು ಆಲಂಕಾರಿನಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ, ಬಹಳ ಕಟ್ಟುನಿಟ್ಟಿನ ಮನುಷ್ಯ. ಬಸ್ಸಿನಲ್ಲಿ ಪಕ್ಕದವನು ನಶ್ಯ ಏರಿಸಿದರೂ ಎದ್ದು ಬೇರೆ ಸೀಟಿಗೆ ಹೋಗುವವರು. ಅವರು ಕಲ್ಲುಗುಂಡಿಗೆ ಬಂದದ್ದು ಸೆಕೆಯ ಒಂದು ಮಧ್ಯಾಹ್ನ, ಮೋರೆ ಪುನರ್ಪುಳಿಗೆ ತಿರುಗಿದ ಹೊತ್ತು. ಗಾಬರಿಯಲ್ಲಿ ಆದಂ ಕುಂಞಿ ಬಿಸ್ಕುಟಿನ ಬಸಿ ಕೆಳಗೆ ಹಾಕಿದ. ಹೆಕ್ಕಲು ಬಗ್ಗಿದ. ಎದ್ದ. ಕಣ್ಣು ಕತ್ತಲೆ ಬಂತು. ಹತ್ತಿರದಲ್ಲಿ ಕಂಬ ಇರಲಿಲ್ಲ; ಹಾಜಿಯವರು ಇದ್ದರು. ಬೀಗರಾಗಬೇಕಾದವರ ಎರಡೂ ಹೆಗಲು ಹಿಡಿದುಕೊಂಡು, ರಕ್ತದಂಥ ಕಣ್ಣುಗಳನ್ನು ಅವರ ಕಣ್ಣಿಗೆ ಅರ್ಧ ಮೊಳದ ದೂರದಲ್ಲಿ ಇಟ್ಟು, ಆದಂ ಕುಂಞಿ ಮೆಲ್ಲಗೆ ತೂಗಿದ.

ಹಾಜಿಯವರು ಬಿಸ್ಕುಟು ಮುಟ್ಟದೆ ಹೋದರು. ಮಾರನೆಯ ದಿನ ಸಾಹುಲ್ ಹಮೀದ್ ಅವರ ಮಾತು ತಂದ.

“ಹುಡುಗಿ ಚಿನ್ನ ಅಂತ ಹೇಳಿದ್ರು. ಮನೆಯೂ ಚಂದ ಉಂಟಂತೆ. ಉಪ್ಪನ, ಅಂದ್ರೆ ನಿಮ್ಮ, ಮೋರೆ ಸರಿ ಇಲ್ಲ ಅಂತ.”

“ಮೋರೆಗೆ ನಾನು ಎಂತ ಮಾಡುದು?” ಎಂದ ಆದಂ ಕುಂಞಿ.

“ಮೋರೆಗಲ್ಲ ಭಾವ. ಅದು ಕೆಂಪಾಗುದು ಎಂತಕ್ಕೆ ಅಂತ ಅವರು ಕೇಳುದು.”

ಒಳಗಿನಿಂದ ಮುನೀರಾಳ ಸ್ವರ ಬಂತು. “ನನ್ನ ಉಪ್ಪನಿಗೆ ಕುಡುಕ ಅಂತ ಹೇಳುವ ಮನೆಗೆ ನಾನೂ ಹೋಗುದಿಲ್ಲ.” ಹಾಗೆ ಹೇಳಿ ಆ ಮಡಿಸಿಟ್ಟ ಬಟ್ಟೆಯನ್ನು ಪೆಟ್ಟಿಗೆಯ ಅಡಿಗೆ ಹಾಕಿದಳು. ಆಮೇಲೆ ಅಳುವುದು ಕೇಳಿಸಿತು. ಆದಂ ಕುಂಞಿಗೆ ತನ್ನ ಮೋರೆ ಮೊದಲ ಬಾರಿ ಭಾರವೆನಿಸಿತು.

ಕುಂಞಿಪಾತುಮ್ಮ ಅಳಲಿಲ್ಲ. ಗಂಡ ಕುಡಿಯುವುದಿಲ್ಲ ಎಂದು ದೊಡ್ಡ ಡಾಕ್ಟರೊಬ್ಬರ ಬಾಯಲ್ಲಿ ಹೇಳಿಸಿದರೆ ಹಾಜಿಯವರು ನಂಬದೆ ಎಲ್ಲಿಗೆ ಹೋಗುತ್ತಾರೆ ಎಂದು ಅವಳ ಲೆಕ್ಕ. ಪುತ್ತೂರಿನಲ್ಲಿ ಸರ್ವೋತ್ತಮ ಡಾಕ್ಟರು ಇದ್ದರು. ವಿಲಾಯತಿ ವೈದ್ಯಕೀಯ ಪತ್ರಿಕೆಗಳನ್ನು ತರಿಸಿ ಓದುವವರು. ರೋಗಿ ಕಡಿಮೆಯಿದ್ದ ದಿನ ಇದ್ದ ರೋಗಿಗೇ ಓದಿ ಹೇಳುವವರು. ಅವರ ಬಾಗಿಲಿಗೆ ಗಂಡಹೆಂಡತಿ ಹೋಗಿ ನಿಂತರು. ಹೀಗೆ, ಕುಡಿಯುವುದಿಲ್ಲ ಎಂಬ ಕಾಯಿಲೆಗೆ ಔಷಧಿ ಕೇಳಿಕೊಂಡು ಬಂದವರು ಜಗತ್ತಿನಲ್ಲಿ ಇವರೇ ಮೊದಲು.

ಡಾಕ್ಟರು ತಲೆಯೆತ್ತಿ ನೋಡಿದರು. ಮೊದಲು ಅವರ ಮೂಗೂ ಒಮ್ಮೆ ಅರಳಿತು. ಅದನ್ನು ಮುಚ್ಚಿಡುವುದರಲ್ಲಿ ಪ್ರಯೋಜನವಿಲ್ಲ. ಆಮೇಲೆ ಬೆರಳು ಚುಚ್ಚಿ ರಕ್ತ ತೆಗೆದರು. ರಕ್ತ ಬಾಣಂತಿಯ ಲೇಹದ ಹಾಗೆ ಮಂದವಾಗಿ, ಬರಲೋ ಬೇಡವೋ ಎಂದು ಇಣುಕಿತು. ಡಾಕ್ಟರ ಹುಬ್ಬು ಮೇಲೇರಿತು. ಆದಂ ಕುಂಞಿಯನ್ನು ಮಲಗಿಸಿ ಹೊಟ್ಟೆ ಒತ್ತಿದರು. ಎಡಗಡೆಯ ಪಕ್ಕೆಯಲ್ಲಿ ಅವರ ಕೈ ನಿಂತಿತು. ಮತ್ತೊಮ್ಮೆ ಒತ್ತಿದರು. ಅವರ ಮುಖದಲ್ಲಿ ಬಂದ ಸಂತೋಷ ನೋಡಿ ಕುಂಞಿಪಾತುಮ್ಮನಿಗೆ ಹೆದರಿಕೆಯಾಯಿತು.

“ಇಲ್ಲಿ ಗಡ್ಡೆಯ ಹಾಗೆ ಒಂದುಂಟು ಬ್ಯಾರಿಗಳೆ. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು. ಗ್ಯಾಸ್ ಅಂತ ಮಾಡಿದ್ದೆ.”

“ಎಷ್ಟು ಸಮಯದಿಂದ?”

“ಇವಳು ಹುಟ್ಟುವ ಮೊದಲು ಇರಲಿಲ್ಲ.”

ಇವಳು ಎಂದರೆ ಯಾರು ಎಂದು ಡಾಕ್ಟರಿಗೆ ತಿಳಿಯದೆ ಅವರು ಕುಂಞಿಪಾತುಮ್ಮನನ್ನು ನೋಡಿದರು. ಮುನೀರಾಳ ಮಾತು ಎಂದು ಅವಳು ಬಿಡಿಸಿ ಹೇಳಿದಳು. ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಆ ದಿನ ರೋಗಿಗಳು ಕಡಿಮೆ.

“ಆಡು ಕೊಯ್ಯುವಾಗ ಬೆನ್ನಿನ ಒಳಬದಿಯಲ್ಲಿ ದೊಡ್ಡ ಬೀಜದ ಹಾಗೆ ಎರಡು ಸಿಗ್ತದಲ್ಲ, ಅದು ಕಿಡ್ನಿ. ಮೂತ್ರಪಿಂಡ. ಅದಕ್ಕೆ ಮೂತ್ರ ಸೋಸುವ ಕೆಲಸ ಅಂತ ನಾವೆಲ್ಲ ಕಲಿತದ್ದು. ಈಗ ಎರಡು ಮೂರು ವರ್ಷದಿಂದ ಹೊಸ ಸುದ್ದಿ ಉಂಟು. ಅಮೆರಿಕದಲ್ಲಿ ಇಲಿಗಳ ಕಿಡ್ನಿ ತೆಗೆದು ನೋಡಿದ್ದಾರೆ. ಕಿಡ್ನಿ ಹೋದ ಮೇಲೆ ಆ ಇಲಿಯ ರಕ್ತ ಎಷ್ಟು ಕಡಿಮೆಯಾದ್ರೂ, ಹೊಸ ರಕ್ತ ಮಾಡು ಅಂತ ಹೇಳುವವರೇ ಇಲ್ಲ.”

“ಹೇಳುವವರು ಅಂದ್ರೆ?”

“ನಿಮ್ಮ ಅಂಗಡಿಯ ಲೆಕ್ಕದಲ್ಲಿ ಹೇಳುವಾ. ಚಾ ಮಾಡುದು ಯಾರು?”

“ಇವಳು. ಹಿಂದೆ, ತಟ್ಟಿಯ ಆಚೆ.”

“ಹೊರಗೆ ಗಿರಾಕಿ ಎಷ್ಟು ಅಂತ ಅವರಿಗೆ ಕಾಣ್ತದಾ?”

“ಇಲ್ಲ. ನಾನು ಕೂಗುದು. ಎರಡು ಚಾ ಅಂತ.”

“ಅಷ್ಟೇ ವಿಷಯ. ರಕ್ತ ತಯಾರಾಗುದು ಎಲುಬಿನ ಒಳಗೆ, ಮಜ್ಜೆಯಲ್ಲಿ. ಅದಕ್ಕೆ ಹೊರಗಿನದ್ದು ಕಾಣುದಿಲ್ಲ. ಕಿಡ್ನಿಯ ಕೆಲವು ಜೀವಕೋಶಗಳು ಹೊರಗೆ ಕೂತು ನೋಡ್ತಾ ಇರ್ತವೆ. ಯಾವ ಜೀವಕೋಶ ಅಂತ ಇನ್ನೂ ಯಾರಿಗೂ ಪತ್ತೆಯಾಗಲಿಲ್ಲ, ಆದ್ರೆ ಉಂಟು. ಪ್ರಾಣವಾಯು ಸಾಲುದಿಲ್ಲ ಅಂತ ಕಂಡ್ರೆ ಅವು ಒಂದು ರಸ ಬಿಡ್ತವೆ. ಹಾರ್ಮೋನು ಅಂತ ಅದಕ್ಕೆ. ಅದು ರಕ್ತದಲ್ಲೇ ಹರಿದು ಎಲುಬಿಗೆ ಹೋಗಿ ಹೇಳುದು, ಎರಡು ಚಾ. ಎಲುಬು ಮಾಡಿ ಕೊಡ್ತದೆ. ಸಾಕು ಅಂತ ಆದಾಗ ಕೂಗು ನಿಲ್ತದೆ.”

“ನಂದು?”

“ನಿಮ್ಮದು ನಿಲ್ಲುದಿಲ್ಲ. ಎಡದ ಕಿಡ್ನಿಯಲ್ಲಿ ನೀರು ತುಂಬಿದ ದೊಡ್ಡ ಚೀಲ ಬೆಳೆದ ಹಾಗೆ ನನಗೆ ಕಾಣ್ತದೆ. ಅದು ಒತ್ತಿ ಒತ್ತಿ ಅಲ್ಲಿನ ಜೀವಕೋಶಗಳಿಗೆ ಉಸಿರು ಕಟ್ಟಿರಬೇಕು. ಊರಿಗೆಲ್ಲ ಉಸಿರು ಕಟ್ಟಿದೆ ಅಂತ ಅವು ತಿಳ್ಕೊಂಡಿವೆ. ಅಂಗಡಿಯಲ್ಲಿ ಒಂದು ಗಿರಾಕಿ ಇಲ್ಲದಿದ್ರೂ ಕೂಗುದೇ ಕೂಗುದು. ಚಾ, ಚಾ, ಚಾ. ಎಲುಬು ಪಾಪ ಮಾಡ್ತಾ ಉಂಟು. ರಕ್ತ ಹೆಚ್ಚಾಗಿ ಮೋರೆಗೆ ಬಂದು ನಿಂತಿದೆ.”

ಆದಂ ಕುಂಞಿ ತನ್ನ ಪಕ್ಕೆ ಮುಟ್ಟಿ ನೋಡಿಕೊಂಡ. “ಹಾಗಾದ್ರೆ ಒಳಗೆ ಇದ್ದವರಿಗೆ ಎಷ್ಟು ಕಷ್ಟ ಡಾಕ್ಟ್ರೇ.”

“ಈಗಲಾದ್ರೂ ಗೊತ್ತಾಯ್ತಲ್ಲ,” ಎಂದಳು ಕುಂಞಿಪಾತುಮ್ಮ. ಆಮೇಲೆ ತಾನು ಬಂದ ಕೆಲಸ ನೆನಪಾಗಿ, “ಅದೆಲ್ಲ ಇರ್ಲಿ ಡಾಕ್ಟ್ರೇ. ಇವರು ಕುಡಿಯುದಿಲ್ಲ ಅಂತ ನೀವು ಹೇಳ್ತೀರಾ?”

“ಇವರು ಕುಡಿಯುದಿಲ್ಲ. ಆದ್ರೆ ನೀವು ಅದರ ಯೋಚನೆ ಈಗ ಬಿಡಿ. ರಕ್ತ ಹೀಗೆ ಮಂದವಾದ್ರೆ ತಲೆಯಲ್ಲೋ ಎದೆಯಲ್ಲೋ ಒಂದು ದಿನ ಕಟ್ಟಿ ನಿಲ್ತದೆ. ಮತ್ತೆ ಮದುವೆಯೂ ಇಲ್ಲ, ಮೋರೆಯೂ ಇಲ್ಲ. ಮಂಗಳೂರಿಗೆ ಹೋಗಿ ಆ ಕಿಡ್ನಿ ತೆಗೆಸಬೇಕು.”

“ತೆಗೆದ್ರೆ ನನಗೆ?”

“ಇನ್ನೊಂದು ಉಂಟಲ್ಲ. ಅದು ಮರ್ಯಾದಸ್ಥ.”

ಅಂದು ತಾತ್ಕಾಲಿಕವಾಗಿ ಒಂದು ಬಾಟಲಿ ರಕ್ತ ತೆಗೆದು ಕಳಿಸಿದರು. ವರ್ಷಗಳಿಂದ ಹೊತ್ತ ಮೂಟೆ ತಲೆಯಿಂದ ಇಳಿದ ಹಾಗಾಗಿ ಆದಂ ಕುಂಞಿ ಪುತ್ತೂರಿನಿಂದ ಕಲ್ಲುಗುಂಡಿಯವರೆಗೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡಿ ನಗುತ್ತಾ ಬಂದ. ನೋಡಿದ ಪ್ರಯಾಣಿಕರು, ಈ ಹೊತ್ತಿನಲ್ಲೇ ಹೀಗೆ, ಎಂದು ಮಾತಾಡಿಕೊಂಡರು.

ಮಂಗಳೂರಿನಲ್ಲಿ ಬಣ್ಣದ ಮದ್ದು ಏರಿಸಿ ಎಕ್ಸ್‌ರೇ ತೆಗೆದು ನೋಡಿದಾಗ ಸರ್ವೋತ್ತಮ ಡಾಕ್ಟರು ಹೇಳಿದ್ದೇ ನಿಜವಾಗಿತ್ತು. ಕೊಯ್ದು ತೆಗೆದ ಕಿಡ್ನಿಯಲ್ಲಿದ್ದ ಚೀಲ ಎಳನೀರಿನಷ್ಟು ದೊಡ್ಡದಿತ್ತು. ಆದಂ ಕುಂಞಿಯ ಬೆನ್ನಿನಿಂದ ಹೊಟ್ಟೆಯವರೆಗೆ, ಘಟ್ಟದ ರಸ್ತೆಯ ಹಾಗೆ ಬಳಸಿಕೊಂಡು, ಒಂದು ಹೊಲಿಗೆ ಬಂತು. ಕೆಂಪು ಮಾತ್ರ ತಕ್ಷಣ ಹೋಗಲಿಲ್ಲ. ಹಳೆಯ ರಕ್ತಕಣಗಳು ಸುಮಾರು ನಾಲ್ಕು ತಿಂಗಳು ಬದುಕುತ್ತವೆ, ಅವು ಸಾಯುವ ತನಕ ಕಾಯಬೇಕು, ಹೊಸದಕ್ಕೆ ಇನ್ನು ಹೆಚ್ಚಿನ ಆರ್ಡರ್ ಇಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು.

ಊರಿಗೆ ಸಮಾಧಾನ ಎಲ್ಲಿಯದು? ಸಾಹುಲ್ ಹಮೀದ್ ಬಸ್ಸು ಇಳಿದವನೇ ಚಾ ಅಂಗಡಿಯ ಬೆಂಚಿಗೆ ಸುದ್ದಿ ಮುಟ್ಟಿಸಿದ. ಮೂತ್ರಪಿಂಡ ರಕ್ತ ಮಾಡಲು ಹೇಳುತ್ತದೆ ಎಂಬ ಮಾತನ್ನು ಬೆಂಚು ಬಹಳ ಗಂಭೀರವಾಗಿ ಕೇಳಿ, ಬಹಳ ಗಂಭೀರವಾಗಿ ತಳ್ಳಿಹಾಕಿತು.

“ಮೂತ್ರಪಿಂಡ ಮೂತ್ರದ ಕೆಲಸ ಮಾಡುದು. ಹೆಸರಿನಲ್ಲೇ ಉಂಟಲ್ಲ ಮಾರಾಯ,” ಎಂದ ಬೆಳ್ಯಪ್ಪ. “ಕುಡಿದು ಕುಡಿದು ಕಿಡ್ನಿ ಹೋಯ್ತು. ತೆಗೆದ್ರು. ಇದಕ್ಕೆ ಅಮೆರಿಕದ ಇಲಿ ಎಂತಕ್ಕೆ?”

“ಡಾಕ್ಟ್ರು ಹೇಳಿದ್ದು ಬೆಳ್ಯಪ್ಪಣ್ಣ. ಕಿಡ್ನಿಯ ಒಳಗೇ ಹಗಲೂ ರಾತ್ರಿ ಒಂದು ರಸ ತಯಾರಾಗ್ತಾ ಇತ್ತಂತೆ.”

ಬೆಳ್ಯಪ್ಪ ಗ್ಲಾಸು ಕೆಳಗಿಟ್ಟ. “ಕೇಳಿದ್ರಾ? ಒಳಗೇ ತಯಾರಾಗ್ತಾ ಇತ್ತು! ನಾನು ಗುಡ್ಡ ಗುಡ್ಡ ಹುಡುಕಿದೆ. ಭಟ್ಟಿ ಇವನ ಪಕ್ಕೆಯಲ್ಲೇ ಇತ್ತು.”

ಅವನಿಗೆ ಗೊತ್ತಿಲ್ಲದೆ ಅವನ ಬಾಯಿಂದ ಬಂದ ಅತ್ಯಂತ ವೈಜ್ಞಾನಿಕವಾದ ಮಾತು ಅದು. ಆದರೆ ಬೆಂಚು ಅದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡಿತು. ಕುಡುಕನ ಕಿಡ್ನಿ ಹೋಯಿತು ಎಂಬ ಸುದ್ದಿ ಸುಳ್ಯ ದಾಟಿ, ಪುತ್ತೂರು ದಾಟಿ, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಾಯಿಸಿ, ಆಲಂಕಾರಿಗೆ ತಲುಪಿತು. ಹಾಜಿಯವರು ತಾವು ಬಿಸ್ಕುಟು ಮುಟ್ಟದೆ ಬಂದದ್ದು ಎಷ್ಟು ಸರಿ ಎಂದು ತಲೆದೂಗಿದರು. ಹಕೀಮ್ ಮಾತ್ರ ತಂದೆ ತೋರಿಸಿದ ಬೇರೆ ಹುಡುಗಿಯರಿಗೆಲ್ಲ ಬೇಡ ಎಂದು, ಜವಳಿ ಅಂಗಡಿಯಲ್ಲಿ ಗಜಕ್ಕೆ ನಾಲ್ಕು ಬೆರಳು ಕಡಿಮೆ ಅಳೆಯಲು ಶುರುಮಾಡಿದ.

ದಿನ ಹೋದ ಹಾಗೆ ಮೋರೆ ಇಳಿಯತೊಡಗಿತು. ಏಡಿಯ ಕೆಂಪು ಹೋಗಿ ಇಟ್ಟಿಗೆಯ ಕೆಂಪು ಬಂತು. ಅದೂ ಹೋಗಿ ಒಂದು ಬೆಳಿಗ್ಗೆ ಹಲಗೆ ಸರಿಸಿ ಹೊರಗೆ ಬಂದ ಮುಖ ಎಲ್ಲರ ಮುಖದ ಹಾಗೆ ಗೋಧಿ ಬಣ್ಣದ್ದಾಗಿತ್ತು. ಚಾ ಕುಡಿಯಲು ಬಂದವರು ಅಂಗಡಿ ಕೈಬದಲಾಗಿದೆಯೇ ಎಂದು ಕೇಳಿದರು. ತಾಯಂದಿರು ಮಕ್ಕಳಿಗೆ ಹೇಳಲು ಬೇರೆ ಹೆಸರು ಹುಡುಕಬೇಕಾಯಿತು. ಕಣ್ಣು ಬಿಳಿಯಾಯಿತು, ಕಿವಿಯ ಗುಂಯ್ ನಿಂತಿತು, ಬಗ್ಗಿ ಎದ್ದರೆ ಕಂಬ ಬೇಡವಾಯಿತು.

ಇದರ ಅರ್ಥವನ್ನೂ ಬೆಂಚೇ ಬಿಡಿಸಿತು. ಆದಂ ಕುಂಞಿ ಕುಡಿತ ಬಿಟ್ಟ! ಎಂಥ ಛಲ! ಬಿಟ್ಟವರು ಎಷ್ಟೋ ಜನ ಇರಬಹುದು, ಮೋರೆಯನ್ನೇ ಬದಲಾಯಿಸುವಷ್ಟು ಬಿಟ್ಟವರು ಯಾರಿದ್ದಾರೆ? ಬೆಳ್ಯಪ್ಪ ಈ ವಿಜಯವನ್ನು ಯಾರೂ ಕೇಳದೆಯೇ ತನ್ನ ತಲೆಗೆ ಕಟ್ಟಿಕೊಂಡ. “ಬಿಡಿಸಿದ್ದು ನಾನು. ಎಂಟು ವರ್ಷ ಬಾಯಿ ಊದಿಸಿದ್ದೇನೆ.” ಕುಡಿಯುತ್ತಿದ್ದಾನೆಂಬ ಸುದ್ದಿ ಹೋದ ಬಸ್ಸಿನಲ್ಲೇ ಬಿಟ್ಟನೆಂಬ ಸುದ್ದಿಯೂ ಹೋಯಿತು. ಹಾಜಿಯವರ ಮನಸ್ಸು ಕರಗಿತು. ಪಾಪ ಮಾಡದವನಿಗಿಂತ ಪಾಪ ಬಿಟ್ಟವನನ್ನು ಕಂಡರೆ ಕಟ್ಟುನಿಟ್ಟಿನವರಿಗೆ ಹೆಚ್ಚು ಪ್ರೀತಿ. ಬಿಡದವರಿಗೆ ತೋರಿಸಲು ಆಗುತ್ತದಲ್ಲ. ಬರುವ ಶುಕ್ರವಾರ ಜುಮಾ ಮುಗಿಸಿ ಹಕೀಮನನ್ನೂ ಕರೆದುಕೊಂಡು ಬರುತ್ತೇನೆ, ಬಿಟ್ಟೆ ಎಂದು ಆದಂ ಕುಂಞಿ ತನ್ನ ಬಾಯಿಂದ ಒಂದು ಮಾತು ಹೇಳಿದರೆ ನಿಖಾದ ದಿನ ಅಲ್ಲೇ ನಿಶ್ಚಯ ಮಾಡುವಾ ಎಂದು ಹೇಳಿ ಕಳಿಸಿದರು.

“ಬಿಟ್ಟೆ. ಇಷ್ಟೇ ಭಾವ,” ಎಂದ ಸಾಹುಲ್ ಹಮೀದ್. “ಎರಡು ಚಾ ಅಂತ ಹೇಳುವಷ್ಟು ಉದ್ದವೂ ಇಲ್ಲ.”

“ಆದ್ರೆ ನಾನು ಕುಡೀಲೇ ಇಲ್ಲವಲ್ಲ.”

“ಅದನ್ನು ಯಾರು ಕೇಳಿದ್ರು?”

“ಡಾಕ್ಟ್ರನ್ನು ಕರ್ಕೊಂಡು ಬಂದು ಹೇಳಿಸುವಾ.”

“ಡಾಕ್ಟ್ರು ಇಲಿಯಿಂದ ಶುರುಮಾಡ್ತಾರೆ. ಹಾಜಿಯವರು ಎದ್ದು ಹೋಗ್ತಾರೆ.”

ಶುಕ್ರವಾರ ಬಂತು. ಕುಂಞಿಪಾತುಮ್ಮ ಅಕ್ಕಿಹಿಟ್ಟಿನ ಪತ್ತಿರಿ ಸುಟ್ಟು, ಕೋಳಿ ಸಾರು ಮಾಡಿ, ತಟ್ಟಿಯ ಹಿಂದೆ ನಿಂತಳು. ಮುನೀರಾ ಅವಳ ಪಕ್ಕದಲ್ಲಿ. ಪೆಟ್ಟಿಗೆಯ ಅಡಿಯ ಬಟ್ಟೆ ಈಗ ಹೊಲಿಸಿಕೊಂಡು ಅವಳ ಮೈಮೇಲಿತ್ತು. ಹಾಜಿಯವರು ಬೆಂಚಿನಲ್ಲಿ ಕೂತರು. ಹಕೀಮ್ ತಂದೆಯ ಪಕ್ಕದಲ್ಲಿ ಕೂತು ತಟ್ಟಿಯನ್ನೇ ನೋಡಿದ. ತನ್ನ ಸಾಧನೆಯನ್ನು ಹೊರಗಿನವರು ನೋಡುವಾಗ ತಾನೂ ಇರಬೇಕೆಂದು ಬೆಳ್ಯಪ್ಪ ಆಚೆ ಬೆಂಚಿನಲ್ಲಿ ಇಸ್ತ್ರಿ ಹಾಕಿದ ಖಾಕಿಯಲ್ಲಿ ಕೂತಿದ್ದ.

ಹಾಜಿಯವರು ಆದಂ ಕುಂಞಿಯ ಮುಖವನ್ನು, ಅಕ್ಕಿಯ ಮಾದರಿ ನೋಡುವ ಹಾಗೆ, ಬೆಳಕಿಗೆ ತಿರುಗಿಸಿ ನೋಡಿದರು. ಹೊಟ್ಟು ಇರಲಿಲ್ಲ.

“ಮಾಶಾ ಅಲ್ಲಾಹ್. ಆ ದಿನ ನಾನು ಕಂಡ ಮನುಷ್ಯನೇ ಅಲ್ಲ. ಎಲ್ಲ ಬಿಟ್ಟಿರಂತೆ?”

ಸಾಹುಲ್ ಹಮೀದ್ ಭಾವನ ಕಾಲನ್ನು ಮೆಲ್ಲಗೆ ತುಳಿದ. ತಟ್ಟಿಯ ಹಿಂದಿನ ಬಳೆಗಳ ಸದ್ದು ನಿಂತಿತು. ಒಂದು ಕಡೆ ಮಗಳ ಬದುಕು, ಇನ್ನೊಂದು ಕಡೆ ಎರಡಕ್ಷರ. ಕುರುಕ್ಷೇತ್ರದಲ್ಲಿಯೂ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಆದಂ ಕುಂಞಿ ಬಾಯಿ ತೆರೆದ. ಮುಚ್ಚಿದ. ತಟ್ಟಿಯ ಕಡೆಗೆ ನೋಡಿದ, ಹಕೀಮನನ್ನು ನೋಡಿದ, ಬೆಳ್ಯಪ್ಪನನ್ನು ನೋಡಿದ. ಮತ್ತೆ ತೆರೆದ.

“ಇಲ್ಲ ಹಾಜಿಯವರೆ. ಬಿಡ್ಲಿಕ್ಕೆ ನಾನು ಹಿಡಿದಿರ್ಲಿಲ್ಲ.”

“ಎಂತ?”

“ನಾನು ಕುಡಿದವನಲ್ಲ. ಕಿಡ್ನಿಯಲ್ಲಿ ನೀರಿನ ಚೀಲ ಇತ್ತು. ಅದರಿಂದ ರಕ್ತ ಹೆಚ್ಚಾಗಿ ಮೋರೆ ಕೆಂಪಾದದ್ದು. ತೆಗೆದ ಮೇಲೆ ಸರಿ ಆಯ್ತು.”

ಒಳಗೆ ಒಂದು ಪಾತ್ರೆ ಬಿತ್ತು. ಸಾಹುಲ್ ಹಮೀದ್ ಹಣೆಗೆ ಕೈ ಕೊಟ್ಟ. ಹಾಜಿಯವರ ಗಡ್ಡ ಒಮ್ಮೆ ಮೇಲಕ್ಕೆ ಹೋಗಿ ಕೆಳಗೆ ಬಂತು. ಅವರು ಎದ್ದು ನಿಂತರು, “ಹಕೀಮ್, ಬಾ,” ಎಂದರು, ಹೊಸ್ತಿಲ ಹತ್ತಿರ ಹೋಗಿ ಒಂದು ಕಾಲಿಗೆ ಚಪ್ಪಲಿ ಹಾಕಿದರು. ಹಕೀಮ್ ಏಳಲಿಲ್ಲ. ಇನ್ನೊಂದು ಚಪ್ಪಲಿಗೆ ಹೋಗುತ್ತಿದ್ದ ಹಾಜಿಯವರ ಕಾಲು ಗಾಳಿಯಲ್ಲೇ ನಿಂತಿತು.

ಅಕ್ಕಿ ವ್ಯಾಪಾರದಲ್ಲಿ ಅವರು ಸಾವಿರ ಮಂದಿಯ ಮಾತು ಕೇಳಿದ್ದರು. ತನಗೆ ಲಾಭ ಬರುವ ಸುಳ್ಳನ್ನು ಕೈಗೆ ಕೊಟ್ಟರೂ ಹಿಂದೆ ಕೊಟ್ಟವನನ್ನು ಕಂಡಿರಲಿಲ್ಲ. ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಹಿಂದೆ ಬಂದರು.

“ಹೌದು ಅಂತ ಹೇಳಿದ್ರೆ ಇವತ್ತೇ ನಿಶ್ಚಯ ಆಗ್ತಿತ್ತು. ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಇಲ್ಲ ಅಂದ್ರೆ ನಾನು ಎದ್ದು ಹೋಗ್ತೇನೆ ಅಂತ?”

“ಅದೂ ಗೊತ್ತಿತ್ತು.”

ಹಾಜಿಯವರು ಆದಂ ಕುಂಞಿಯ ಎರಡೂ ಹೆಗಲು ಹಿಡಿದುಕೊಂಡರು. ಈ ಸಲ ಕಣ್ಣು ಕೆಂಪಾಗಿದ್ದದ್ದು ಅವರದ್ದು. “ಮಗಳ ಮದುವೆಗೆ ಕೂಡ ಒಂದು ಸುಳ್ಳು ಹೇಳದವ ನನ್ನ ಹತ್ತಿರ ಕಿಡ್ನಿಯ ಸುಳ್ಳು ಹೇಳುದಿಲ್ಲ. ಹಕೀಮ್, ಕೂತುಕೋ.” ಹಕೀಮ್ ಕೂತೇ ಇದ್ದ. “ಸಾಹುಲ್, ಒಳಗೆ ಹೇಳಿ. ರಜಬ್ ತಿಂಗಳಲ್ಲಿ ನಿಖಾ.” ತಟ್ಟಿಯ ಹಿಂದೆ ಬಳೆಗಳು ಒಟ್ಟಿಗೇ ಮಾತಾಡಲು ಶುರುಮಾಡಿದವು. ಸಾಹುಲ್ ಹಮೀದ್ ತಾನು ಮೊದಲಿನಿಂದ ಹೇಳುತ್ತಿದ್ದದ್ದು ಇದನ್ನೇ ಎಂದ. ಬೆಳ್ಯಪ್ಪ ಕೂಡ, ಮೂಗು ಒರೆಸಿಕೊಂಡು, ಇಂಥ ಸತ್ಯವಂತ ತನ್ನ ಸರಹದ್ದಿನಲ್ಲಿ ಇರುವುದು ತನಗೆ ಮರ್ಯಾದೆ ಎಂದ.

ಪತ್ತಿರಿ ಬಂತು, ಸಾರು ಬಂತು. ಊಟದ ನಡುವೆ ಹಾಜಿಯವರು ಕೈ ನಿಲ್ಲಿಸಿ, ತಮ್ಮ ಹೊಸ ಬೀಗರನ್ನು ಒಬ್ಬ ಔಲಿಯಾನನ್ನು, ಸಂತನನ್ನು, ನೋಡುವಂತೆ ನೋಡಿದರು.

“ನನಗೆ ಒಂದೇ ಆಶ್ಚರ್ಯ ಮಾರಾಯ್ರೆ. ಅಷ್ಟು ಜನ ಕಾಯ್ತಾ ಇರುವಾಗ, ಮಗಳು ಒಳಗೆ ನಿಂತಿರುವಾಗ, ಸತ್ಯವನ್ನು ಬಿಡದೆ ಹಿಡ್ಕೊಳ್ಳುವ ಆ ಧೈರ್ಯ ನಿಮಗೆ ಎಲ್ಲಿಂದ ಬಂತು?”

ಆದಂ ಕುಂಞಿ ಅವರ ಬಟ್ಟಲಿಗೆ ಇನ್ನೊಂದು ಪತ್ತಿರಿ ಹಾಕಿದ.

“ಧೈರ್ಯ ಎಂತದ್ದು ಹಾಜಿಯವರೆ. ಬಿಟ್ಟೆ ಅಂತ ಹೇಳಿದ್ರೆ, ಇಷ್ಟು ವರ್ಷ ಎಲ್ಲಿ ಕುಡೀತಾ ಇದ್ದದ್ದು ಅಂತ ಬೆಳ್ಯಪ್ಪಣ್ಣ ಕೇಳುದಿಲ್ವಾ? ತೋರಿಸ್ಲಿಕ್ಕೆ ನನಗೆ ಒಂದು ಜಾಗವೂ ಗೊತ್ತಿಲ್ಲ.”